ಒಂದು ಅಂಕದ ಉತ್ತರದ ಹಿಂದಿನ ಮನೆ

ಮಸ್ಕಿಯ ಬಂಡೆಗಲ್ಲಿನ ಕಥೆ ನಮ್ಮ ಭಾಗದ ಶಾಲಾ ಮಕ್ಕಳಿಗೆಲ್ಲ ಗೊತ್ತು. ದೇಶದ ಹಲವು ಕಡೆ 'ದೇವಾನಾಂಪ್ರಿಯ' ಎಂಬ ರಾಜನ ಶಾಸನಗಳು ಸಿಕ್ಕಿದ್ದವು. ಆತ ಅಶೋಕನೇ ಇರಬೇಕೆಂದು ವಿದ್ವಾಂಸರು ನಂಬಿದ್ದರು. ಆದರೆ ಅದುವರೆಗೆ ಓದಿದ ಶಾಸನಗಳಲ್ಲಿ ಆ ಹೆಸರು ಕಂಡಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವರು ಮಸ್ಕಿಯ ಬಂಡೆಯ ಮೇಲಿನ ಬರಹವನ್ನು ಬೆಳಕಿಗೆ ತಂದರು. ಅದರಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಬರೀ ಬಿರುದಾಗಿದ್ದವನಿಗೆ ಹೆಸರು ಬಂತು, ಮನುಷ್ಯನ ಗುರುತು ಬಂತು.

ನಮ್ಮ ಪಠ್ಯಪುಸ್ತಕಗಳಲ್ಲಿ, ಗೈಡುಗಳಲ್ಲಿ ಇದರ ತಿರುವುಮುರುವು ನಡೆಯುತ್ತದೆ. ಅಲ್ಲಿ ಹೆಸರುಗಳಿವೆ, ಮನುಷ್ಯರಿಲ್ಲ. 'ಕನ್ನಡದ ಮೊದಲ ಪತ್ರಕರ್ತೆ ಯಾರು?' ನಂಜನಗೂಡು ತಿರುಮಲಾಂಬಾ. ಒಂದು ಅಂಕ. 'ಶಿಕ್ಷಣದಲ್ಲಿ ಅಪವ್ಯಯ ಮತ್ತು ಸ್ಥಗಿತತೆಯನ್ನು ಎತ್ತಿ ತೋರಿಸಿದ ಸಮಿತಿ ಯಾವುದು?' 1929ರ ಹಾರ್ಟಾಗ್ ಸಮಿತಿ. ಇನ್ನೊಂದು ಅಂಕ. ಡಿ.ಎಡ್., ಬಿ.ಎಡ್. ಓದುವ ಹುಡುಗ ಹುಡುಗಿಯರು ಲಿಂಗಸುಗೂರಿನಲ್ಲೂ ಸಿಂಧನೂರಿನಲ್ಲೂ ಇವನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಈ ಎರಡು ಉತ್ತರಗಳ ಹಿಂದೆ ಎರಡು ಮನೆಗಳಿವೆ, ಎರಡೂ ಮನೆಗಳಲ್ಲಿ ಕಾದಂಬರಿ ಬರೆಯುತ್ತ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಒಬ್ಬೊಬ್ಬ ಹೆಂಗಸು ಇದ್ದರು ಎಂಬುದನ್ನು ಯಾರೂ ಹೇಳುವುದಿಲ್ಲ.

ಈ ವಾರ ಇದನ್ನು ಬರೆಯಲು ಒಂದು ಕಾರಣವಿದೆ. ಮಸ್ಕಿಯ ಬಸ್ ನಿಲ್ದಾಣದಲ್ಲಿ ಪರಿಚಯದ ರೈತರೊಬ್ಬರು ಸಿಕ್ಕಿದ್ದರು. ಪಕ್ಕದಲ್ಲಿ ಮಗಳು ನಿಂತಿದ್ದಳು. "ಸರ್, ಹುಡುಗಿ ಹತ್ತನೇತ್ತ ಪಾಸಾಗ್ಯಾಳ್ರಿ. ಸಿಂಧನೂರಾಗ ಕಾಲೇಜಿಗೆ ಹಚ್ಚು ಅಂತಾಳ. ಆಕಿ ಹೋದ್ರ ಹತ್ತಿ ಬಿಡಿಸಾಕ ಒಂದು ಆಳು ಕಮ್ಮಿ ಆಗ್ತೈತಿ. ಎರಡು ವರ್ಷಕ್ಕ ಹ್ಯಾಂಗೂ ಲಗ್ನ. ಕಲಿಸಿ ಏನು ಮಾಡೋದೈತ್ರಿ?" ಎಂದರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಲೆಕ್ಕವಿತ್ತು. ಹುಡುಗಿ ಮಾತಾಡಲಿಲ್ಲ. ಬಸ್ಸು ಬಂತು, ನಾನು ಏನೋ ನಾಲ್ಕು ಮಾತು ಹೇಳಿ ಹತ್ತಿಬಿಟ್ಟೆ. ಆಗ ಹೇಳಲಾಗದ್ದನ್ನು ಈಗ ಹೇಳುತ್ತಿದ್ದೇನೆ.

ನಂಜನಗೂಡಿನ ಮನೆ

ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ, ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಅಂದಿನ ಪದ್ಧತಿಯಂತೆ ಹತ್ತು ವರ್ಷಕ್ಕೆ ಮಗಳ ಮದುವೆಯಾಯಿತು. ಹದಿನಾಲ್ಕು ವರ್ಷಕ್ಕೆ ಗಂಡ ತೀರಿಕೊಂಡರು. ಇಂದಿನ ಲೆಕ್ಕದಲ್ಲಿ ಒಂಬತ್ತನೆಯ ತರಗತಿಯಲ್ಲಿರಬೇಕಾದ ಹುಡುಗಿ ವಿಧವೆ. ಆ ಕಾಲದ ಮೇಲುಜಾತಿಯ ಮನೆಗಳಲ್ಲಿ ಬಾಲವಿಧವೆಯ ಪಾಡು ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಯ ಕತ್ತಲು, ಹಿಂದಿನ ಬಾಗಿಲು, ಶುಭಕಾರ್ಯಕ್ಕೆ ಎದುರು ಬರಬಾರದೆಂಬ ಕಟ್ಟಳೆ. ಬದುಕು ಅಷ್ಟಕ್ಕೇ ಮುಗಿಯಿತೆಂದು ಊರು ತೀರ್ಮಾನಿಸುತ್ತಿತ್ತು.

ಆ ಮನೆಯಲ್ಲಿ ಮುಗಿಯಲಿಲ್ಲ. ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು, ಓದಿಗೆ ಬೆನ್ನಾಗಿ ನಿಂತರು. ಆಕೆ ಕನ್ನಡದ ಜೊತೆಗೆ ತೆಲುಗು, ತಮಿಳು ಕಲಿತು ಸಿಕ್ಕಿದ್ದನ್ನೆಲ್ಲ ಓದಿದರು. ಓದಿದ್ದನ್ನು ನೆರೆಯ ಹೆಂಗಸರಿಗೆ, ಹುಡುಗಿಯರಿಗೆ ಹೇಳತೊಡಗಿದರು. ಮನೆಯೇ ಪಾಠದ ಮನೆಯಾಯಿತು. ಶಾಲೆಗೆ ಹೋಗುವ ಅವಕಾಶವಿಲ್ಲದವರಿಗೆ ಓದಲು ಏನಾದರೂ ಬೇಕಲ್ಲ? ಅದಕ್ಕಾಗಿ ತಾವೇ ಬರೆದರು. 1913ರಲ್ಲಿ 'ಸುಶೀಲೆ' ಕಾದಂಬರಿ ಬಂತು. 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ತಾವೇ ನಡೆಸಿದರು. ಹೆಂಗಸರಿಗೆಂದು 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ತಂದರು, ಮುಂದೆ 'ಸನ್ಮಾರ್ಗದರ್ಶಿ' ತಂದರು. ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು ಎಲ್ಲಕ್ಕೂ ಅವರೇ ನಿಂತರು.

ಇವರ ಕಾದಂಬರಿಗಳನ್ನು ಇಂದು ತೆರೆದರೆ ನಮ್ಮ ಹುಡುಗಿಯರಿಗೆ ಅಸಮಾಧಾನ ಆಗಬಹುದು. ಪತಿವ್ರತೆಯ ಆದರ್ಶ, ಗೃಹಿಣಿಯ ಧರ್ಮ, ಸಾಲುಸಾಲು ಉಪದೇಶ. ಆದರೆ ಬರೆದವರು ಎಲ್ಲಿ ಕುಳಿತು ಬರೆದರು, ಯಾರಿಗಾಗಿ ಬರೆದರು ಎಂಬುದನ್ನು ನೆನೆಯಬೇಕು. 'ಓದಿದ ಹೆಣ್ಣು ಮನೆ ಕೆಡಿಸುತ್ತಾಳೆ' ಎಂದು ಗದರುವ ಮನೆಗಳೊಳಗೆ ಪುಸ್ತಕ ಹೋಗಬೇಕಾಗಿತ್ತು. ಓದಿದ ಹೆಣ್ಣು ಮನೆಯನ್ನು ಬೆಳಗುತ್ತಾಳೆ ಎಂದು ಹೇಳುವ ಪುಸ್ತಕಕ್ಕಷ್ಟೇ ಆ ಬಾಗಿಲು ತೆರೆಯುತ್ತಿತ್ತು. 'ಸುಶೀಲೆ' ಹಲವು ಮುದ್ರಣ ಕಂಡಿತು. ಆ ಬಾಗಿಲುಗಳು ತೆರೆದವೆಂದೇ ಇದರ ಅರ್ಥ.

ಅದೇ ಸಮಯದಲ್ಲಿ ನಮ್ಮ ಸೀಮೆ ಹೇಗಿತ್ತು? ಲಿಂಗಸುಗೂರು, ಸಿಂಧನೂರು, ಮಸ್ಕಿ ಮೈಸೂರು ಸಂಸ್ಥಾನದಲ್ಲಿರಲಿಲ್ಲ, ನಿಜಾಮರ ಹೈದರಾಬಾದಿನಲ್ಲಿದ್ದವು. ಲಿಂಗಸುಗೂರು 1905ರವರೆಗೆ ಒಂದು ಜಿಲ್ಲೆಯೇ ಆಗಿತ್ತು, ಆಮೇಲೆ ತಾಲ್ಲೂಕಾಯಿತು. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಭಾಷೆಯೂ ಉರ್ದು. ಕನ್ನಡದ ಮನೆಯ ಹುಡುಗನಿಗೇ ಓದು ದೂರವಾಗಿದ್ದಾಗ ಹುಡುಗಿಯ ಮಾತೆಲ್ಲಿ? ಬೀಡನ್ ಸಾಹೇಬರಿಗೆ ಮಸ್ಕಿಯ ಬಂಡೆಯಲ್ಲಿ ಅಕ್ಷರ ಕಂಡ ವರ್ಷ 'ಸುಶೀಲೆ' ಅಚ್ಚಾಗಿ ಎರಡು ವರ್ಷವಾಗಿತ್ತು. ಆ ಬಂಡೆಯ ಸುತ್ತ ದನ ಕಾಯುತ್ತಿದ್ದ ಹುಡುಗಿಯರಿಗೆ ಎರಡು ಅಕ್ಷರವೂ ಒಂದೇ: ಓದಲು ಬಾರದ್ದು.

ಪೋರ್ಟ್ಸ್‌ಮತ್ತಿನ ಮನೆ

ಈಗ ಇನ್ನೊಂದು ಉತ್ತರದ ಕಡೆಗೆ ಬರೋಣ. ಹಾರ್ಟಾಗ್ ಸಮಿತಿಯ ಅಧ್ಯಕ್ಷರು ಸರ್ ಫಿಲಿಪ್ ಹಾರ್ಟಾಗ್. ಇವರ ಹೆಸರು ಸಿಂಧನೂರಿಗೆ ಇನ್ನೊಂದು ದಾರಿಯಿಂದಲೂ ಹತ್ತಿರ. ಸಿಂಧನೂರು ತಾಲ್ಲೂಕಿನ ಬಂಗಾಲಿ ಕ್ಯಾಂಪುಗಳ ಹಿರಿಯರು ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು. ಅವರ ಆ ಹಳೆಯ ನಾಡಿನ ಡಾಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿ ಇದೇ ಫಿಲಿಪ್ ಹಾರ್ಟಾಗ್. ಅವರ ತಾಯಿಯ ಹೆಸರು ಮೇರಿಯನ್.

ಮೇರಿಯನ್ ಮಾಸ್ ಹುಟ್ಟಿದ್ದು 1821ರಲ್ಲಿ, ಇಂಗ್ಲೆಂಡಿನ ಬಂದರು ಊರು ಪೋರ್ಟ್ಸ್‌ಮತ್ತಿನಲ್ಲಿ, ಯಹೂದಿ ಮನೆತನದಲ್ಲಿ. ಆಗ ಇಂಗ್ಲೆಂಡಿನಲ್ಲಿ ಯಹೂದಿಗಳು ಚಿಕ್ಕ ಸಮುದಾಯ. ಯಹೂದಿಯೊಬ್ಬರು ಪಾರ್ಲಿಮೆಂಟಿನಲ್ಲಿ ಕೂರಲು ಸಾಧ್ಯವಾದದ್ದೇ 1858ರಲ್ಲಿ. ಅಂಥ ಸಮುದಾಯದೊಳಗೆ ಹೆಣ್ಣುಮಕ್ಕಳ ಓದು ಇನ್ನೂ ಹಿಂದೆ. ಮೇರಿಯನ್ ಮತ್ತು ಅಕ್ಕ ಸೀಲಿಯಾ ಇಬ್ಬರೂ ಹದಿಹರೆಯದಲ್ಲೇ ಪದ್ಯ ಬರೆದು 1839ರಲ್ಲಿ 'ಅರ್ಲಿ ಎಫರ್ಟ್ಸ್' ಎಂಬ ಸಂಕಲನ ತಂದರು. ಹಣ ಹಾಕುವ ಪ್ರಕಾಶಕರು ಎಲ್ಲಿಂದ ಸಿಗಬೇಕು? ನಮ್ಮ ಕಡೆ ಪುರಾಣ ಹಚ್ಚಿಸಲು ಮನೆಮನೆಗೆ ಹೋಗಿ ಪಟ್ಟಿ ಎತ್ತುತ್ತಾರಲ್ಲ, ಹಾಗೆ ಮುಂಗಡ ಚಂದಾ ಸೇರಿಸಿ ಅಚ್ಚು ಹಾಕಿಸಿದರು. ಮರುವರ್ಷ 'ದಿ ರೊಮಾನ್ಸ್ ಆಫ್ ಜ್ಯೂಯಿಷ್ ಹಿಸ್ಟರಿ' ಎಂಬ ಚಾರಿತ್ರಿಕ ಕಥೆಗಳ ಪುಸ್ತಕ ಬಂತು. ಇಂಗ್ಲಿಷಿನಲ್ಲಿ ಕಥೆ ಕಾದಂಬರಿ ಬರೆದ ಮೊದಲ ಸಾಲಿನ ಯಹೂದಿ ಹೆಣ್ಣುಮಕ್ಕಳಲ್ಲಿ ಈ ಅಕ್ಕತಂಗಿಯರೂ ಸೇರುತ್ತಾರೆ.

ಮೇರಿಯನ್ ಲಂಡನ್ನಿಗೆ ಹೋದರು, ಪಾಠ ಹೇಳಿ ಜೀವನ ಮಾಡಿದರು. ಫ್ರೆಂಚ್ ಕಲಿಸುವ ಆಲ್ಫೋನ್ಸ್ ಹಾರ್ಟಾಗ್ ಎಂಬ ಮೇಷ್ಟ್ರನ್ನು ಮದುವೆಯಾದರು. ಮಕ್ಕಳ ನಡುವೆಯೇ ಮನೆಯಲ್ಲಿ ಶಾಲೆ ನಡೆಸಿದರು. 1855ರಲ್ಲಿ ಯಹೂದಿ ಹೆಂಗಸರಿಗೆ, ಮಕ್ಕಳಿಗೆ ಓದಲೆಂದು 'ಜ್ಯೂಯಿಷ್ ಸಬ್ಬತ್ ಜರ್ನಲ್' ಎಂಬ ಪತ್ರಿಕೆಯನ್ನೂ ಹೊರಡಿಸಿದರು.

ಇಲ್ಲಿ ನಂಜನಗೂಡಿಗೂ ಲಂಡನ್ನಿಗೂ ಇರುವ ಹೋಲಿಕೆ ನೋಡಿ. ಕಾದಂಬರಿ, ಮನೆಪಾಠ, ಹೆಂಗಸರ ಪತ್ರಿಕೆ, ಮೂರೂ ಎರಡು ಕಡೆ ಇವೆ. ನಾಲ್ಕನೆಯದೂ ಇದೆ. ಮೇರಿಯನ್ನರ ಪತ್ರಿಕೆಯನ್ನು ಸಮುದಾಯದ ದೊಡ್ಡ ಪತ್ರಿಕೆಯೊಂದು ಕಟುವಾಗಿ ಟೀಕಿಸಿತು. ಕೈಯಲ್ಲಿ ಹಣವೂ ಇರಲಿಲ್ಲ. ಪತ್ರಿಕೆ ಅದೇ ವರ್ಷ ನಿಂತಿತು. ಮುಂದೆ ಆಕೆ ಬರೆದು ಪ್ರಕಟಿಸಿದ್ದು ಬಹಳ ಕಡಿಮೆ. ತಿರುಮಲಾಂಬಾ ಅವರ 'ಮಾತೃನಂದಿನಿ' ಕಾದಂಬರಿಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ವಿಮರ್ಶೆಯೂ ಬಿರುಸಿನದೇ. ಮುಂದೆ ತಿರುಮಲಾಂಬಾ ಕೂಡ ಬರವಣಿಗೆಯಿಂದ ಹಿಂದೆ ಸರಿದರು. ವಿಮರ್ಶಕರು ಬೇಕೆಂದೇ ಕೇಡು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಮಾಸ್ತಿಯವರ ದೊಡ್ಡತನ ಎಲ್ಲರೂ ಬಲ್ಲದ್ದು. ಆದರೆ ಗಂಡಸರ ಬರವಣಿಗೆಗೆ ಟೀಕೆ ಬಂದರೆ ಸಮಾಧಾನ ಹೇಳಲು ಗೆಳೆಯರ ಗುಂಪಿರುತ್ತದೆ. ಮನೆಯೊಳಗೆ ಒಬ್ಬಂಟಿಯಾಗಿ ಬರೆಯುವವಳಿಗೆ ಯಾರಿದ್ದಾರೆ? ಎಷ್ಟೋ ದಶಕ ತಿರುಮಲಾಂಬಾ ಮದರಾಸಿನಲ್ಲಿ ತಮ್ಮಷ್ಟಕ್ಕೆ ತಾವಿದ್ದರು. ಕನ್ನಡ ಅವರನ್ನು ಮರೆತಿತ್ತು. ಸಿ.ಎನ್. ಮಂಗಳಾ ಅವರಂಥ ಅಧ್ಯಾಪಕಿಯರು ಹುಡುಕಿ ಹೊರಟ ಮೇಲೆ ನಾಡಿಗೆ ಮತ್ತೆ ನೆನಪಾಯಿತು. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ 'ಶಾಶ್ವತಿ' ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಸ್ಥಾಪಿಸಿತು. ಅವರು ತೀರಿಕೊಂಡದ್ದು 1982ರಲ್ಲಿ.

ಒಂಬತ್ತು ವರ್ಷದ ಸಾರಾ

ಮೇರಿಯನ್ ಬರೆಯುವುದು ನಿಲ್ಲಿಸಿದರೂ ಪಾಠ ಹೇಳುವುದನ್ನು ನಿಲ್ಲಿಸಲಿಲ್ಲ. ಅವರ ಒಡಹುಟ್ಟಿದ ಆಲಿಸ್ ಎಂಬುವರಿಗೆ ಕಷ್ಟ ಬಂತು. ಗಂಡ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು, 1861ರಲ್ಲಿ ತೀರಿಕೊಂಡರು. ಮನೆಯಲ್ಲಿ ಏಳು ಮಕ್ಕಳು, ಹೊಟ್ಟೆಯಲ್ಲಿ ಎಂಟನೆಯದು. ಆಲಿಸ್ ಬಟ್ಟೆ ಹೊಲಿದು ಸಂಸಾರ ಸಾಗಿಸಬೇಕಾಯಿತು. ಹೆಣ್ಣುಮಕ್ಕಳಲ್ಲಿ ದೊಡ್ಡವಳು ಸಾರಾ. ಇಂಥ ಮನೆಯಲ್ಲಿ ದೊಡ್ಡ ಮಗಳ ಗತಿ ಏನು? ನಮ್ಮ ಹಳ್ಳಿಗಳಲ್ಲಿ ಕೇಳಿದರೆ ಯಾರಾದರೂ ಹೇಳುತ್ತಾರೆ: ಕಂಕುಳಲ್ಲಿ ತಮ್ಮ, ಕೈಯಲ್ಲಿ ಪೊರಕೆ.

ಆಗ ಮೇರಿಯನ್ ಲಂಡನ್ನಿನಿಂದ ಹೇಳಿಕಳಿಸಿದರು: ಹುಡುಗಿಯನ್ನು ನನ್ನಲ್ಲಿ ಕಳಿಸು, ನನ್ನ ಮಕ್ಕಳ ಜೊತೆ ಓದಲಿ. ಕೂಸು ಎತ್ತಿಕೊಳ್ಳಲು, ಹೊಲಿಗೆಗೆ ಕೈಜೋಡಿಸಲು ಇದ್ದೊಬ್ಬ ಆಸರೆ ಹೋಗುತ್ತದೆಂದು ತಿಳಿದೂ ಆಲಿಸ್ ಮಗಳನ್ನು ಕಳಿಸಿದರು. ಆಗ ಸಾರಾಳಿಗೆ ಒಂಬತ್ತು ವರ್ಷ.

ಆ ಹುಡುಗಿ ಹಾರ್ಟಾಗ್ ಮಕ್ಕಳ ಸಂಗಡ ಗಣಿತ, ವಿಜ್ಞಾನದ ರುಚಿ ಹತ್ತಿಸಿಕೊಂಡಳು. ಹದಿನಾರಕ್ಕೆ ಇನ್ನೊಬ್ಬರ ಮಕ್ಕಳಿಗೆ ಮನೆಪಾಠ ಹೇಳಿ ದುಡಿಯತೊಡಗಿದಳು, ತಾಯಿಗೆ ಹಣ ಕಳಿಸಿದಳು. ಮುಂದೆ ಕೇಂಬ್ರಿಜ್‌ನ ಗರ್ಟನ್ ಮಹಿಳಾ ಕಾಲೇಜು ಸೇರಿ ಗಣಿತ ಓದಿದಳು. ಹೆಂಗಸರಿಗೆ ಕೇಂಬ್ರಿಜ್ ಆಗ ಪದವಿ ಕೊಡುತ್ತಿರಲಿಲ್ಲ, 1948ರವರೆಗೂ ಕೊಡಲಿಲ್ಲ. ಸಾರಾ 1881ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಪಡೆದಳು. ಜಗತ್ತು ಆಕೆಯನ್ನು ಹರ್ಥಾ ಏರ್ಟನ್ ಎಂಬ ಹೆಸರಿನಿಂದ ಬಲ್ಲದು. ಹಿಂದೆ ಸಿನಿಮಾ ಪ್ರೊಜೆಕ್ಟರಿನೊಳಗೆ ಎರಡು ಕಾರ್ಬನ್ ಕಡ್ಡಿಗಳ ನಡುವೆ ಕಣ್ಣು ಕೋರೈಸುವ ಬೆಳಕು ಹೊತ್ತಿಸುತ್ತಿದ್ದುದನ್ನು ಹಿರಿಯರು ನೋಡಿರಬಹುದು. ಆ ವಿದ್ಯುತ್ ಆರ್ಕ್ ದೀಪ ಬುಸುಗುಟ್ಟಿ ಮಿಣುಕುವುದು ಏಕೆ ಎಂಬ ಒಗಟನ್ನು ಬಿಡಿಸಿದವರು ಈಕೆ: ಉರಿಯುವ ಕಾರ್ಬನ್ನಿಗೆ ಗಾಳಿಯ ಆಮ್ಲಜನಕ ತಗಲುವುದೇ ಕಾರಣ. 1899ರಲ್ಲಿ ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಮೊದಲ ಮಹಿಳಾ ಸದಸ್ಯೆಯಾದರು. 1902ರಲ್ಲಿ ರಾಯಲ್ ಸೊಸೈಟಿಗೆ ಅವರ ಹೆಸರು ಸೂಚಿತವಾದಾಗ ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಅವಕಾಶವಿಲ್ಲವೆಂದು ತಳ್ಳಿಹಾಕಿದರು. ನಾಲ್ಕೇ ವರ್ಷದಲ್ಲಿ, 1906ರಲ್ಲಿ, ಅದೇ ಸೊಸೈಟಿ ಅವರಿಗೆ ಹ್ಯೂಸ್ ಪದಕ ಕೊಟ್ಟಿತು.

ಮೇರಿಯನ್ನರ ಸ್ವಂತ ಮಕ್ಕಳೂ ಹಿಂದೆ ಬೀಳಲಿಲ್ಲ. ಹಿರಿಯ ಮಗ ನ್ಯೂಮಾ 1869ರಲ್ಲಿ ಕೇಂಬ್ರಿಜ್ ಗಣಿತ ಪರೀಕ್ಷೆಯಲ್ಲಿ ಮೊದಲಿಗನಾದ. ಯಹೂದಿಯಾದ್ದರಿಂದ ಕಾಲೇಜಿನ ಫೆಲೋಶಿಪ್ ಸಿಗಲಿಲ್ಲ. ಈ ಅನ್ಯಾಯದ ಬಗ್ಗೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೋಗಿ ಹೇಳಿದ. 1871ರಲ್ಲಿ ಕಾನೂನು ಬದಲಾಯಿತು. ಅದೇ ವರ್ಷ ಸಿಡುಬಿನಿಂದ ಆ ತರುಣ ತೀರಿಕೊಂಡ. ಕಿರಿಯ ಮಗ ಫಿಲಿಪ್, 1864ರಲ್ಲಿ ಹುಟ್ಟಿದವರು, ನಮ್ಮ ದೇಶಕ್ಕೆ ಬಂದರು.

ನೂರರಲ್ಲಿ ಹದಿನೆಂಟು

ಆ ಫಿಲಿಪ್ ಹಾರ್ಟಾಗರ ಸಮಿತಿ ಬ್ರಿಟಿಷ್ ಭಾರತದ ಶಾಲೆಗಳ ಲೆಕ್ಕ ತೆಗೆಯಿತು. 1922-23ರಲ್ಲಿ ಒಂದನೆಯ ತರಗತಿಯಲ್ಲಿದ್ದ ಪ್ರತಿ 100 ಮಕ್ಕಳಲ್ಲಿ 1925-26ರ ಹೊತ್ತಿಗೆ ನಾಲ್ಕನೆಯ ತರಗತಿಯಲ್ಲಿ ಉಳಿದವರು ಕೇವಲ 18. ನಡುವೆ ಶಾಲೆ ಬಿಡುವುದನ್ನು ಅಪವ್ಯಯವೆಂದೂ, ಒಂದೇ ತರಗತಿಯಲ್ಲಿ ಕೊಳೆಯುವುದನ್ನು ಸ್ಥಗಿತತೆಯೆಂದೂ ಸಮಿತಿ ಕರೆಯಿತು. ಶಿಕ್ಷಣದ ಎಲ್ಲ ಯೋಜನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ ಇರಬೇಕೆಂದೂ ಹೇಳಿತು. ತಾಯಿ ಮನೆಯಲ್ಲೇ ಶಾಲೆ ನಡೆಸಿದ್ದನ್ನು ಕಂಡು ಬೆಳೆದವರಿಗೆ ಈ ಮಾತು ಹೊಸದಾಗಿರಲಾರದು.

ಅಪವ್ಯಯ ಎಂಬ ಪದ ಗೈಡಿನಲ್ಲಿ ಒಣಗಿದೆ, ನಮ್ಮ ಊರುಗಳಲ್ಲಿ ಜೀವಂತವಾಗಿದೆ. ಸಿಂಧನೂರಿನ ಕಾಲುವೆ ನೀರಿನ ಭತ್ತದ ಸೀಮೆಯಲ್ಲಿ ನಾಟಿಗೆ ಕೈ ಬೇಕು. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಭೂಮಿಯಲ್ಲಿ ಹತ್ತಿ ಬಿಡಿಸಲು ಕೈ ಬೇಕು. ಬೆಳೆ ಕೈಕೊಟ್ಟ ವರ್ಷ ಸಂಸಾರವೇ ಗುಳೆ ಹೋಗುತ್ತದೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ, ಮಗು ಬೆಂಗಳೂರಿನ ಕಟ್ಟಡದ ಮರಳಿನ ಮೇಲೆ ಆಡುತ್ತಿರುತ್ತದೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ನೂರಕ್ಕೆ 49ರಷ್ಟಿತ್ತು. ರಾಜ್ಯದ ಹೆಣ್ಣುಮಕ್ಕಳ ಸರಾಸರಿ 68. ಇವರೆಲ್ಲ ಬುದ್ಧಿಯಿಲ್ಲದೆ ಹಿಂದುಳಿದವರಲ್ಲ. ಕಳಿಸು ಎನ್ನುವ ಒಬ್ಬರು ಆ ಮನೆಗಳಲ್ಲಿ ಇರಲಿಲ್ಲ, ಇದ್ದರೂ ಅವರ ಮಾತು ನಡೆಯಲಿಲ್ಲ.

ಈ ಎರಡು ಮನೆಗಳಿಂದ ನಾನು ಕಲಿತದ್ದು ಇಷ್ಟೇ. ತಿರುಮಲಾಂಬಾ ಅವರಿಗೆ ತಂದೆಯೊಬ್ಬರು, ಸಾರಾಳಿಗೆ ತಾಯಿಯ ಒಡಹುಟ್ಟಿದವಳೊಬ್ಬಳು. ಸರ್ಕಾರ, ಕಾನೂನು, ಊರು ಎಲ್ಲವೂ ಅಡ್ಡವಾಗಿದ್ದಾಗ ಮನೆಯ ಒಬ್ಬ ಹಿರಿಯರು 'ಓದಲಿ' ಎಂದರು. ಇಂದು ಸರ್ಕಾರ, ಕಾನೂನು ಅಡ್ಡವಾಗಿಲ್ಲ. ಹದಿನೆಂಟು ತುಂಬುವ ಮುನ್ನ ಮಗಳ ಮದುವೆ ಮಾಡುವುದು 2006ರ ಕಾಯ್ದೆಯ ಪ್ರಕಾರ ಅಪರಾಧ. 371-ಜೆ ತಿದ್ದುಪಡಿಯಿಂದ ನಮ್ಮ ಭಾಗದ ಮಕ್ಕಳಿಗೆ ಕಾಲೇಜು ಸೀಟಿನಲ್ಲೂ ನೌಕರಿಯಲ್ಲೂ ಮೀಸಲು ಬಂದಿದೆ. 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲದ ಪ್ರಯಾಣ ಶುರುವಾಯಿತು. ಸರ್ಕಾರಿ ಹಾಸ್ಟೆಲುಗಳಿವೆ. ಬಾಗಿಲು ತೆರೆದಿದೆ, ಹೊಸ್ತಿಲು ದಾಟಿಸುವವರು ಬೇಕು.

ಆ ರೈತರ ಲೆಕ್ಕಕ್ಕೂ ಉತ್ತರ ಹೇಳಬೇಕು. ಹತ್ತಿ ಬಿಡಿಸುವ ಒಂದು ಆಳು ಕಡಿಮೆಯಾಗುವುದು ನಿಜ. ಆಲಿಸ್ ಮನೆಯಲ್ಲೂ ಕಡಿಮೆಯಾಯಿತು. ಕಷ್ಟವಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಎರಡು ಸುಗ್ಗಿಯ ಕೂಲಿಯನ್ನು ಒಂದು ತಕ್ಕಡಿಯಲ್ಲಿಡಿ, ಮಗಳ ಮುಂದಿನ ಐವತ್ತು ವರ್ಷವನ್ನು ಇನ್ನೊಂದರಲ್ಲಿಡಿ. ಬೆಳೆ ಬಾರದ ವರ್ಷ ಗುಳೆ ಹೋಗದಂತೆ ಮನೆಯನ್ನು ಹಿಡಿದು ನಿಲ್ಲಿಸುವುದು ಯಾವುದೆಂದು ಆಮೇಲೆ ಹೇಳಿ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. ಕಾಲೇಜು ಮೆಟ್ಟಿಲು ಹತ್ತಿದವರು ನಿಮ್ಮ ಓಣಿಯಲ್ಲಿ ಸಂಜೆ ಅರ್ಧ ಗಂಟೆ ನಾಲ್ಕು ಹುಡುಗಿಯರಿಗೆ ಪಾಠ ಹೇಳಿ. ಅಂಗಳವೇ ಸಾಕು, ಬೋರ್ಡು ಬೇಕಾಗಿಲ್ಲ. ಅಕ್ಕನ ಮಗಳೋ ತಂಗಿಯ ಮಗಳೋ ಓದು ಬಿಡುವ ಹಾದಿಯಲ್ಲಿದ್ದರೆ ನಮ್ಮಲ್ಲಿ ಕಳಿಸಿರಿ ಎಂದು ಮನೆಯಲ್ಲಿ ಹೇಳಿಸಿ. ಮೇರಿಯನ್ ಮಾಡಿದ್ದು ಅಷ್ಟೇ.

ಮಸ್ಕಿಯ ಬಂಡೆಯಲ್ಲಿ ಅಶೋಕ ತನ್ನ ಹೆಸರಿನ ಜೊತೆ ಒಂದು ಮಾತನ್ನೂ ಬರೆಸಿದ್ದಾನೆ. ಈ ಗುರಿ ದೊಡ್ಡವರಿಗಷ್ಟೇ ಎಂದು ತಿಳಿಯಬೇಡಿ, ಮನಸ್ಸಿಟ್ಟರೆ ಸಣ್ಣವರಿಗೂ ಸಾಧ್ಯ ಎಂಬುದು ಅದರ ಸಾರ. ಆತ ಹೇಳಿದ್ದು ಧರ್ಮದ ವಿಷಯಕ್ಕೆ. ನಾನು ಅದನ್ನು ಬಸ್ ನಿಲ್ದಾಣದಲ್ಲಿ ಮಾತಾಡದೆ ನಿಂತಿದ್ದ ಆ ಹುಡುಗಿಗೂ ಓದಿ ಹೇಳುತ್ತೇನೆ. ಆಕೆಯ ತಂದೆ ಈ ಪುಟ ನೋಡಿದರೆ, ಕಾಲೇಜಿನ ಅರ್ಜಿಯ ಕೊನೆಯ ದಿನ ಎಂದೆಂದು ಇವತ್ತೇ ವಿಚಾರಿಸಲಿ.